ಸೋಸುವ ಪಾತ್ರೆಯ ಬೆಲೆ

ಸಂಸಾರದಲ್ಲಿ ದೊಡ್ಡ ವೆಚ್ಚಗಳು ಮನಸ್ತಾಪಕ್ಕೆ ಕಾರಣವಾಗುವುದು ಅಪರೂಪ. ಮಗಳ ಮದುವೆ, ಮನೆಯ ತಾರಸಿ, ಹೊಲದ ಕೊಳವೆಬಾವಿ ಇವುಗಳಿಗೆ ಲಕ್ಷಗಟ್ಟಲೆ ಹಣ ಹೋಗುವಾಗ ಮನೆಮಂದಿಯೆಲ್ಲ ಒಂದೇ ಮನಸ್ಸಿನಿಂದ ಸಾಲಪತ್ರದ ಸುತ್ತ ಕುಳಿತುಕೊಳ್ಳುತ್ತಾರೆ. ಆದರೆ ಬಾಣಲೆಗೆ ಎಷ್ಟು ಕೊಡಬೇಕು, ಛತ್ರಿ ಯಾವುದನ್ನು ಕೊಳ್ಳಬೇಕು, ಕಾಫಿ ಸೋಸುವ ಫಿಲ್ಟರು ಹಿತ್ತಾಳೆಯದಿರಬೇಕೋ ಸ್ಟೀಲಿನದಿರಬೇಕೋ ಎಂಬ ಪ್ರಶ್ನೆ ಬಂದಾಗ ಪ್ರತಿಯೊಬ್ಬರಲ್ಲಿಯೂ ಒಂದೊಂದು ಸಿದ್ಧಾಂತ ಹುಟ್ಟಿಕೊಳ್ಳುತ್ತದೆ. ಲಕ್ಷದ ವ್ಯವಹಾರದಲ್ಲಿ ಬಾಯಿ ಹಾಕುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ. ಸಾವಿರದ ವ್ಯವಹಾರದಲ್ಲಿ ಎಲ್ಲರೂ ಪಂಡಿತರೇ.

ಎಮ್ಮೆದೊಡ್ಡಿಯ ಒಂದು ಮನೆಯಲ್ಲಿ ದೀಪಾವಳಿಯ ಮೂರು ದಿನಗಳೂ ಇಂಥ ಪಾಂಡಿತ್ಯದಲ್ಲಿಯೇ ಕಳೆದುಹೋದುವು.

ಎಮ್ಮೆದೊಡ್ಡಿ ಕಡೂರು ಸೀಮೆಯ ಊರು. ಎಮ್ಮೆಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯ ನೆನಪು ಅದರ ಹೆಸರಿನಲ್ಲಿಯೇ ಉಳಿದುಬಂದಿದೆ. ಪಡುವಲಿಗೆ ಬಾಬಾಬುಡನ್ ಗಿರಿಗಳ ಸಾಲು. ಮೂಡಲಿಗೆ ರಾಗಿ, ತೆಂಗುಗಳ ಬಯಲುಸೀಮೆ. ಮದಗದ ಕೆರೆ ಅಲ್ಲಿಗೆ ಸಮೀಪ. ಬೆಟ್ಟದ ನೆತ್ತಿಯ ಮೇಲೆ ಧಾರಾಳಿಯಾಗಿರುವ ಮೋಡ ಕೆಳಗಿನ ಹೊಲಗಳಿಗೆ ಬರುವಷ್ಟರಲ್ಲಿ ಜಿಪುಣನಾಗಿಬಿಡುತ್ತದೆ. ಆದ್ದರಿಂದ ಕಾಫಿಯ ಗಿಡ ಮೇಲೆ, ಕಾಫಿಯ ಲೋಟ ಕೆಳಗೆ ಎಂಬುದು ಅಲ್ಲಿನ ಭೂಗೋಳ. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅರಿಯದ ಮಕ್ಕಳು ಆ ಕಡೆ ಇಲ್ಲ. 1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಕಾಫಿಯ ಬೆಟ್ಟಗಳೆಲ್ಲ ಕಾಫಿ ಬೆಳೆಯದ ಒಂದು ಒಣ ಊರಿನ ಹೆಸರಿನಲ್ಲಿ ದಾಖಲಾಗಿದ್ದುವು! ಬೆಳೆಯದಿದ್ದರೇನು? ಕುಡಿಯುವುದರಲ್ಲಿ ಬಯಲಿನವರು ಬೆಟ್ಟದವರಿಗೆ ಸೋತವರಲ್ಲ.

ಮನೆಯ ಯಜಮಾನರು ನಿವೃತ್ತರಾದ ಪ್ರಾಥಮಿಕ ಶಾಲೆಯ ಮೇಷ್ಟರು. ಮನೆಯಲ್ಲಿ ಈಗ ಉಳಿದಿರುವವರು ಅವರು ಮತ್ತು ಅವರ ಹೆಂಡತಿ, ಇಬ್ಬರೇ. ಬಂದುಹೋಗುವವರು ಮಾತ್ರ ಬಹಳ ಮಂದಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಡಿಗೆಮನೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ಫಿಲ್ಟರು ಇದೆ. ಮದುವೆಯಾದ ವರ್ಷ ಬೀರೂರಿನ ಪಾತ್ರೆಯ ಅಂಗಡಿಯಲ್ಲಿ ಕೊಂಡದ್ದು. ಮೇಲಿನ ಪಾತ್ರೆ ಕೆಳಗಿನದರ ಕಂಠದಲ್ಲಿ ಬಿಗಿಯಾಗಿ ಕೂರುತ್ತದೆ, ಪುಡಿಯನ್ನು ಅದುಮಲು ಕೊಡೆಯಂಥ ಹಿಡಿಯಿರುವ ಒಂದು ಬಿಲ್ಲೆ, ಮೇಲೊಂದು ಮುಚ್ಚಳ. ಒಳಗಿನ ಕಲಾಯಿ ಅಲ್ಲಲ್ಲಿ ಸವೆದಿದೆ. ಕಲಾಯಿಯವನು ಊರಿಗೆ ಬರುವುದನ್ನು ಬಿಟ್ಟು ಬಹಳ ವರ್ಷಗಳಾದುವು.

ಹಬ್ಬಕ್ಕೆ ಬಂದ ಮಗ ಒಂದು ಮುಂಜಾನೆ ನೀರು ಕುಡಿಯಲೆಂದು ಅಡಿಗೆಮನೆಗೆ ಹೋದಾಗ ತಾಯಿ ಫಿಲ್ಟರಿನ ಎರಡು ಪಾತ್ರೆಗಳನ್ನು ಬೇರ್ಪಡಿಸಲು ಸೀರೆಯ ಸೆರಗನ್ನು ಸುತ್ತಿ ತಿರುಚುತ್ತಿದ್ದುದನ್ನು ಕಂಡನು. ಅವನೇ ಬಿಡಿಸಿಕೊಟ್ಟನು. ಕಾಫಿ ಕುಡಿದಾದ ಮೇಲೆ ಜಗುಲಿಯಲ್ಲಿ ತಂದೆಯ ಮುಂದೆ ಮೊಬೈಲು ಹಿಡಿದು, "ಅಪ್ಪಾ, ಅಮ್ಮನಿಗೆ ಈ ಕಾಫಿ ಮೆಷಿನ್ನು ತರಿಸಿಬಿಡ್ತೀನಿ. ರಾತ್ರಿ ನೀರು, ಪುಡಿ ಹಾಕಿಟ್ಟರೆ ಬೆಳಿಗ್ಗೆ ಐದು ಗಂಟೆಗೆ ತಾನೇ ಕಾಫಿ ಇಳಿಸಿರುತ್ತೆ" ಎಂದನು.

"ಎಷ್ಟು?"

"ಹದಿನಾಲ್ಕು ಸಾವಿರ."

ಮೇಷ್ಟರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. "ಅಷ್ಟಕ್ಕೆ ಒಂದು ಎಮ್ಮೆಯ ಮುಂಗಾಲು ಎರಡೂ ಬರುತ್ತವಲ್ಲೋ! ನಮ್ಮ ಫಿಲ್ಟರಿಗೇನಾಗಿದೆ? ನಲವತ್ತು ವರ್ಷ ಕಾಫಿ ಕೊಟ್ಟಿದೆ."

ಅಲ್ಲಿಂದ ವಾದಕ್ಕೆ ಮೊದಲಾಯಿತು. ಮಗ ಹದಿನಾಲ್ಕು ಸಾವಿರದಿಂದ ಮೂರು ಸಾವಿರದ ಯಂತ್ರಕ್ಕೆ ಇಳಿದನು. ತಂದೆ ಸೊನ್ನೆಯಿಂದ ಮೇಲೇಳಲಿಲ್ಲ. ಒಬ್ಬನದು ಪ್ರೀತಿಯ ವಾದ, ಇನ್ನೊಬ್ಬರದು ಮಿತವ್ಯಯದ ವಾದ. ಎರಡೂ ಸದ್ಗುಣಗಳೇ ಆದುದರಿಂದ ಜಗಳ ಬೇಗ ಮುಗಿಯುವಂತಿರಲಿಲ್ಲ.

ಇಬ್ಬರ ವಾದವನ್ನೂ ತೂಗಿ ನೋಡುವುದು ನ್ಯಾಯ. ಕಾಫಿಯ ಪುಡಿಯ ಮೇಲೆ ಬಿಸಿನೀರನ್ನು ಸುರಿದು, ಅದು ತೊಟ್ಟುತೊಟ್ಟಾಗಿ ಇಳಿಯುವಂತೆ ಮಾಡುವ ವಿದ್ಯೆ ಯಂತ್ರದವರದಲ್ಲ. ಎರಡು ಅಂತಸ್ತಿನ ಪಾತ್ರೆಯಲ್ಲಿ ಹೀಗೆ ಕಾಫಿ ಇಳಿಸುವ ಕ್ರಮ ಸುಮಾರು 1800ರ ವೇಳೆಗೆ ಪ್ಯಾರಿಸ್ ನಗರದಲ್ಲಿ ರೂಢಿಗೆ ಬಂದಿತ್ತು. 1908ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ, ಲೋಟದ ತಳದಲ್ಲಿ ಉಳಿಯುವ ಚರಟದಿಂದ ಬೇಸತ್ತು, ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ತೂತು ಕೊರೆದ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದಳು. ಆ ವರ್ಷವೇ ಅದಕ್ಕೆ ಸರ್ಕಾರದಿಂದ ಹಕ್ಕನ್ನೂ ಪಡೆದಳು. 1954ರಲ್ಲಿ ಅದೇ ದೇಶದಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರ ಬಂದಿತು. 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಒಂದು ಯಂತ್ರ ಆ ದೇಶದ ಅಡಿಗೆಮನೆಗಳನ್ನೆಲ್ಲ ಹೊಕ್ಕಿತು. ಮೂಲದಲ್ಲಿ ಇವೆಲ್ಲವೂ ಬೀರೂರಿನ ಅಂಗಡಿಯ ಹಿತ್ತಾಳೆಯ ಪಾತ್ರೆಯ ದಾಯಾದಿಗಳೇ.

ದಾಯಾದಿಗಳಾದರೂ ಗುಣ ಮಾತ್ರ ಬೇರೆ. ಪಾಶ್ಚಾತ್ಯರ ಯಂತ್ರ ಹಾಲಿಲ್ಲದ ಕಾಫಿಯನ್ನು ದೊಡ್ಡ ಬಟ್ಟಲಿನಲ್ಲಿ ಕುಡಿಯುವವರಿಗಾಗಿ ಹುಟ್ಟಿದ್ದು. ಅಲ್ಲಿ ಒಂದು ಲೀಟರು ನೀರಿಗೆ 55ರಿಂದ 60 ಗ್ರಾಂ ಪುಡಿ. ಎಂದರೆ ಒಂದು ಪಾಲು ಪುಡಿಗೆ ಸುಮಾರು ಹದಿನೇಳು ಪಾಲು ನೀರು. ಆ ನೀರು ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ನಮ್ಮ ಕಡೆಯ ಫಿಲ್ಟರಿನಲ್ಲಿ ಒಂದು ಪಾಲು ಪುಡಿಗೆ ಐದಾರು ಪಾಲು ನೀರಾದರೆ ಹೆಚ್ಚು. ಅದು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಕ್ಕಿ ಗಟ್ಟಿಯಾದ ಡಿಕಾಕ್ಷನ್ನು ಆಗುತ್ತದೆ. ಹಾಲು ಬೆರೆತ ಮೇಲೂ ತನ್ನತನವನ್ನು ಬಿಟ್ಟುಕೊಡದ ಶಕ್ತಿ ಅದಕ್ಕೆ ಬರುವುದು ಈ ನಿಧಾನದಿಂದ. ಪುಡಿಯಲ್ಲಿ ಬೆರೆಸುವ ಚಿಕೋರಿಯೂ ನೀರನ್ನು ತಡೆದು ತಡೆದು ಬಿಡುತ್ತದೆ. ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ. ಯಂತ್ರದ ತಿಳಿಕಾಫಿಗೆ ಎಮ್ಮೆಯ ಹಾಲನ್ನು ಸುರಿದರೆ ಸಿಗುವುದು ಬಣ್ಣ ಕಟ್ಟಿದ ಹಾಲು ಅಷ್ಟೆ. ಗಟ್ಟಿ ಡಿಕಾಕ್ಷನ್ನಿಗೆಂದೇ ಮಾಡಿದ ದೇಶೀ ಯಂತ್ರಗಳು ಇಲ್ಲದಿಲ್ಲ. ಮಗ ಎರಡನೆಯ ಸಲ ತೋರಿಸಿದ ಮೂರು ಸಾವಿರದ್ದು ಆ ಜಾತಿಯದು. ಆದರೆ ಅವನು ಮೊದಲು ಮೋಹಗೊಂಡಿದ್ದ ಹದಿನಾಲ್ಕು ಸಾವಿರದ ಯಂತ್ರ ಉತ್ತಮವಾದದ್ದೇ ಆದರೂ, ಆ ಮನೆಯವರು ಕುಡಿಯದ ಪಾನೀಯವೊಂದನ್ನು ಉತ್ತಮವಾಗಿ ತಯಾರಿಸುವ ಯಂತ್ರವಾಗಿತ್ತು.

ಬೆಲೆಬಾಳುವ ಯಂತ್ರಕ್ಕೆ ಹಣ ಕೊಡುವುದು ಮುಖ್ಯವಾಗಿ ಯಾವುದಕ್ಕಾಗಿ ಎಂಬುದನ್ನೂ ವಿಚಾರಿಸಬೇಕು. ಕಾಫಿಯ ಸಾರ ಹದವಾಗಿ ಬಿಡುವುದು ನೀರು ಸುಮಾರು 92ರಿಂದ 96 ಡಿಗ್ರಿ ಸೆಂಟಿಗ್ರೇಡು ಶಾಖದಲ್ಲಿರುವಾಗ. ಅಗ್ಗದ ಯಂತ್ರಗಳಲ್ಲಿ ಎಷ್ಟೋ ಆ ಶಾಖವನ್ನು ಮುಟ್ಟಲಾರವು. ಬೆಲೆಯುಳ್ಳವು ಮುಟ್ಟಿ ನಿಲ್ಲುತ್ತವೆ. ಈ ಹತೋಟಿಗೇ ಸಾವಿರಗಳ ಅಂತರ. ಆದರೆ ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಹೋಗದೆ 97-98ರ ಸುಮಾರಿಗೇ ಕುದಿಯುತ್ತದೆ. ಕುದಿ ಬಂದ ನೀರನ್ನು ಒಲೆಯಿಂದಿಳಿಸಿ, ಮರಳುವುದು ನಿಲ್ಲುವವರೆಗೆ ಅರೆನಿಮಿಷ ತಾಳಿದರೆ ಯಂತ್ರ ಮುಟ್ಟಬೇಕಾದ ಶಾಖ ತಾನಾಗಿಯೇ ಬಂದಿರುತ್ತದೆ. ಆ ಸೀಮೆಯ ಗೃಹಿಣಿಯರು ಉಷ್ಣಮಾಪಕವಿಲ್ಲದೆಯೇ ಇದನ್ನು ಮಾಡುತ್ತಿದ್ದಾರೆ. ಕುದಿಯುವ ನೀರನ್ನು ನೇರವಾಗಿ ಸುರಿದರೆ ಪುಡಿ ಕಹಿಯಾಗುತ್ತದೆಂದು ಅವರಿಗೆ ನಾಲಿಗೆಯೇ ಹೇಳಿದೆ.

ಮೇಷ್ಟರು ಗಣಿತ ಕಲಿಸಿದವರಾದುದರಿಂದ ಎರಡನೆಯ ದಿನ ಕಾಗದ ಪೆನ್ಸಿಲು ತಂದರು. ಲೆಕ್ಕ ಸುಲಭವಾಗಲೆಂದು ಕಾಫಿಪುಡಿಯ ಬೆಲೆ ಕಿಲೋಗೆ 800 ರೂಪಾಯಿ, ಹಾಲಿನದು ಲೀಟರಿಗೆ 50 ರೂಪಾಯಿ ಎಂದು ಹಿಡಿದರು. ಬಂದುಹೋಗುವವರೂ ಸೇರಿ ದಿನಕ್ಕೆ 30 ಗ್ರಾಂ ಪುಡಿ, ಅರ್ಧ ಲೀಟರು ಹಾಲು. ತಿಂಗಳಿಗೆ ಪುಡಿಗೆ 720 ರೂಪಾಯಿ, ಹಾಲಿಗೆ 750 ರೂಪಾಯಿ, ಒಟ್ಟು 1,470. ಇನ್ನು ಪಾತ್ರೆಯ ಬಾಬತ್ತು. 600 ರೂಪಾಯಿನ ಸ್ಟೀಲಿನ ಫಿಲ್ಟರು ಹತ್ತು ವರ್ಷ ಬಾಳಿದರೆ ತಿಂಗಳಿಗೆ ಬೀಳುವುದು 5 ರೂಪಾಯಿ. 3,000 ರೂಪಾಯಿನ ಯಂತ್ರ ಐದು ವರ್ಷ ಬಾಳಿದರೆ ತಿಂಗಳಿಗೆ 50. ಹದಿನಾಲ್ಕು ಸಾವಿರದ್ದು ಏಳು ವರ್ಷ ಬಾಳಿದರೂ ತಿಂಗಳಿಗೆ ಸುಮಾರು 167. ಸೋಸುವ ಕಾಗದ ಬೇಡುವ ಯಂತ್ರವಾದರೆ, ಒಂದು ಕಾಗದಕ್ಕೆ 2 ರೂಪಾಯಿನಂತೆ ದಿನಕ್ಕೆ ಎರಡು ಎಂದರೂ ತಿಂಗಳಿಗೆ ಇನ್ನೂ 120. 800 ವಾಟ್ ಯಂತ್ರ ದಿನಕ್ಕೆರಡು ಬಾರಿ ಹತ್ತು ಹತ್ತು ನಿಮಿಷ ನಡೆದರೆ ತಿಂಗಳಿಗೆ ಎಂಟು ಯೂನಿಟ್ಟು ವಿದ್ಯುತ್ತು, ಅದೇನೂ ಭಾರಿಯಲ್ಲ. ಕರೆಂಟು ಇಲ್ಲದ ಬೆಳಗ್ಗೆ ಮಾತ್ರ ಯಂತ್ರವೂ ಇಲ್ಲ, ಕಾಫಿಯೂ ಇಲ್ಲ.

ಲೆಕ್ಕ ಮುಗಿದಾಗ ಮೇಷ್ಟರಿಗೆ ಗೆದ್ದ ಸಂತೋಷ. ಆದರೆ ಅದೇ ಕಾಗದದಲ್ಲಿ ಅವರು ಗಮನಿಸದ ಇನ್ನೊಂದು ಮಾತಿತ್ತು. ಕಾಫಿಯ ವೆಚ್ಚದಲ್ಲಿ ಪಾತ್ರೆಯ ಪಾಲು ಇಷ್ಟು ಅಲ್ಪವಾಗಿರುವಾಗ ಹಳೆಯ ಪಾತ್ರೆಯನ್ನೇ ಹಿಡಿದುಕೊಂಡಿರುವುದರಿಂದಲೂ ಉಳಿತಾಯವಾಗುವುದಿಲ್ಲ. ಹಣ ಸೋರುವುದು ಬೇರೆ ಕಡೆ. ಹುರಿದು ಪುಡಿ ಮಾಡಿದ ಕಾಫಿಯ ಪರಿಮಳ ಗಾಳಿಗೆ ತಾಕಿದ ದಿನದಿಂದ ಕುಂದತೊಡಗುತ್ತದೆ. ತಿಂಗಳಿಗೆ ಬೇಕಾದ ಪುಡಿಯನ್ನು ಒಮ್ಮೆಗೇ ತಂದು ಸಡಿಲ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮೂರನೆಯ ವಾರಕ್ಕೆ ಒಂದು ಚಮಚದ ಜಾಗದಲ್ಲಿ ಒಂದೂಕಾಲು ಚಮಚ ಹಾಕಬೇಕಾಗುತ್ತದೆ. ಪುಡಿಯಲ್ಲಿ ಐದನೆಯ ಒಂದು ಪಾಲು ಹೀಗೆ ವ್ಯರ್ಥವಾದರೆ ತಿಂಗಳಿಗೆ 144 ರೂಪಾಯಿ. ವಾರಕ್ಕೆ ಕಾಲು ಕಿಲೋದಂತೆ ಹೊಸದಾಗಿ ಪುಡಿ ಮಾಡಿಸಿ ತಂದು ಗಾಳಿಯಾಡದ ಡಬ್ಬಿಯಲ್ಲಿಡುವವನು ಏನನ್ನೂ ಕೊಳ್ಳದೆಯೇ ಒಳ್ಳೆಯ ಕಾಫಿ ಕುಡಿಯುತ್ತಾನೆ. ಪೊಟ್ಟಣದ ಮೇಲಿನ ಚಿಕ್ಕ ಅಕ್ಷರಗಳನ್ನೂ ಓದಬೇಕು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಮೆಯಿರಬಾರದೆಂದೂ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ನಿಯಮವಿದೆ. 80ಕ್ಕೆ 20 ಎಂದು ಬರೆದಿರುವ ಪುಡಿಗೂ 53ಕ್ಕೆ 47 ಎಂದು ಬರೆದಿರುವ ಪುಡಿಗೂ ಬೆಲೆಯಲ್ಲಿ ಅಂತರವಿರುವುದು ಸಹಜ. ಅಂತರವಿಲ್ಲದಿದ್ದರೆ ಕೊಳ್ಳುವವನು ಚಿಕೋರಿಯನ್ನು ಕಾಫಿಯ ಬೆಲೆಗೆ ಕೊಳ್ಳುತ್ತಿದ್ದಾನೆಂದು ಅರ್ಥ.

ಇಷ್ಟೆಲ್ಲ ವಿಚಾರ ಜಗುಲಿಯಲ್ಲಿ ನಡೆಯುತ್ತಿದ್ದಾಗ ಒಳಗಿನಿಂದ ಎರಡು ಸಲ ಕಾಫಿ ಬಂದಿತ್ತು. ತಂದುಕೊಟ್ಟಾಕೆಯನ್ನು ಮಾತ್ರ ಯಾರೂ ಮಾತಿಗೆ ಎಳೆದಿರಲಿಲ್ಲ. ಮೂರನೆಯ ದಿನ ಮಗನಿಗೇ ಅದು ಹೊಳೆಯಿತು. "ಅಮ್ಮಾ, ನಿನಗೆ ಯಾವುದು ಬೇಕಮ್ಮ?" ಎಂದು ಕೇಳಿದನು.

ಆಕೆ ಒಡನೆಯೇ ಉತ್ತರ ಕೊಡಲಿಲ್ಲ. ಖಾಲಿ ಲೋಟಗಳನ್ನು ಜೋಡಿಸಿಕೊಳ್ಳುತ್ತ, "ಮೆಷಿನ್ನು ಬೇಡ ಅಂತಲ್ಲ ಕಣಪ್ಪ. ಅದು ಕೆಟ್ಟರೆ ಬೆಂಗಳೂರಿಗೆ ಹೊತ್ತುಕೊಂಡು ಹೋಗೋರು ಯಾರು? ಈ ಫಿಲ್ಟರು ಬಿಸಿಯಾದಾಗ ಕಚ್ಚಿಕೊಂಡುಬಿಡುತ್ತೆ. ಬೆರಳು ಮಡಿಸೋಕೆ ಆಗೋದಿಲ್ಲ. ಹಿಡಿಯಿರೋದು ಒಂದು ಸಿಕ್ಕಿದರೆ ಸಾಕು" ಎಂದರು. ಸ್ವಲ್ಪ ತಡೆದು, "ಇನ್ನೊಂದು ಮಾತು. ಐದು ಗಂಟೆಗೆ ಕಾಫಿ ಬೇಕಾಗಿರೋದು ನಿಮ್ಮಪ್ಪನಿಗೆ. ನನಗೆ ಆರು ಗಂಟೆವರೆಗೆ ಮಲಗಿರಬೇಕು ಅನ್ನಿಸುತ್ತೆ" ಎಂದರು.

"ಬೆರಳು ಮಡಿಸೋಕೆ ಆಗೋದಿಲ್ಲ ಅಂತ ನನಗೆ ಹೇಳಲೇ ಇಲ್ಲವಲ್ಲೆ?" ಎಂದರು ಮೇಷ್ಟರು.

"ನೀವು ಕೇಳಲಿಲ್ಲ. ಕಾಫಿ ಹೊತ್ತಿಗೆ ಸರಿಯಾಗಿ ಬರ್ತಾ ಇತ್ತಲ್ಲ."

ಮೇಷ್ಟರ ಕಾಗದ ಮಡಿಲಲ್ಲಿಯೇ ಇತ್ತು. ಅದರ ಅಂಚಿನಲ್ಲಿ ಅವರು ಇನ್ನೊಂದು ಗುಣಾಕಾರ ಮಾಡಿದರು. ನಲವತ್ತು ವರ್ಷ, ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಸಲ: 29,200. ಫಿಲ್ಟರು ನಲವತ್ತು ವರ್ಷ ಕಾಫಿ ಕೊಟ್ಟಿತೆಂದು ಅವರು ಹೇಳಿದ ಮಾತು ಅಷ್ಟರಮಟ್ಟಿಗೆ ತಪ್ಪಾಗಿತ್ತು. ಪಾತ್ರೆ ಯಾರಿಗೂ ಕಾಫಿ ಕೊಡುವುದಿಲ್ಲ. ತಿಂಗಳಿಗೆ 5 ರೂಪಾಯಿ ಎಂದು ಅವರು ಬರೆದ ಅಂಕಿಯಲ್ಲಿ ಆ ಬೆರಳುಗಳ ಬಾಬತ್ತು ಸೇರಿಯೇ ಇರಲಿಲ್ಲ.

ಮಿತವ್ಯಯವೆಂಬುದು ಹೆಚ್ಚಿನ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಉಳಿಸಿದೆನೆಂದು ಹೇಳಿಕೊಳ್ಳುವವನು ಒಬ್ಬ. ಆ ಉಳಿತಾಯದ ಕಷ್ಟವನ್ನು ಹೊರುವವಳು ಇನ್ನೊಬ್ಬಳು. ಹೊಸ ವಸ್ತುವನ್ನು ಉಡುಗೊರೆಯಾಗಿ ತರುವ ಮಕ್ಕಳೂ ಅನೇಕ ವೇಳೆ ತಮ್ಮ ಮನಸ್ಸಿನ ನೋವಿಗೆ ಔಷಧ ಕೊಳ್ಳುತ್ತಾರೆಯೇ ಹೊರತು ತಾಯಿಯ ನೋವಿಗೆ ಅಲ್ಲ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಒಂದು ಪ್ರಶ್ನೆಯನ್ನು ಕೇಳುವುದಕ್ಕೆ ಮೂರು ದಿನ ಹಿಡಿಯಿತು, ಅಷ್ಟೆ.

ಹಬ್ಬ ಮುಗಿದ ಮಾರನೆಯ ದಿನ ತಾಯಿ ಮಗ ಇಬ್ಬರೂ ಕಡೂರಿಗೆ ಹೋಗಿ ಅಂಗಡಿಯಲ್ಲಿ ನಾಲ್ಕಾರು ಫಿಲ್ಟರುಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಈ ಸಲ ಆರಿಸಿದವರು ತಾಯಿ. ಮೇಲಿನ ಪಾತ್ರೆಗೂ ಕೆಳಗಿನ ಪಾತ್ರೆಗೂ ಹಿಡಿಯಿರುವ, ಕಂಠ ಬಿಗಿಯಾಗದೆ ಸಲೀಸಾಗಿ ಬಿಡುವ ಸ್ಟೀಲಿನದು. ತೂತುಗಳು ಸಣ್ಣವಾಗಿ, ಒಂದೇ ಸಮನಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಬೆಲೆ 900 ರೂಪಾಯಿ. ಗಾಳಿಯಾಡದ ಮುಚ್ಚಳದ ಡಬ್ಬಿಯೊಂದಕ್ಕೆ 200. ಅಲ್ಲಿಂದ ನೇರವಾಗಿ ಚಿಕ್ಕಮಗಳೂರಿಗೆ ಹೋಗಿ ಬೆರಳನ್ನು ವೈದ್ಯರಿಗೆ ತೋರಿಸಿದರು. ಯಂತ್ರಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ದೊಡ್ಡ ಪಾಲು ಪರೀಕ್ಷೆಗೂ ಔಷಧಕ್ಕೂ ಸಂದಿತು. ಇಷ್ಟು ದಿನ ತಡಮಾಡಬಾರದಾಗಿತ್ತೆಂದು ವೈದ್ಯರು ಹೇಳಿದರು.

ಬೆಳಗಿನ ಐದು ಗಂಟೆಯ ಕಾಫಿಯ ಭಾರವನ್ನು ಮೇಷ್ಟರು ತಾವೇ ವಹಿಸಿಕೊಂಡರು. ಮೊದಲನೆಯ ದಿನ ಪುಡಿಯನ್ನು ಬಿಲ್ಲೆಯಿಂದ ಬಲವಾಗಿ ಅದುಮಿಬಿಟ್ಟರು. ಅರ್ಧ ಗಂಟೆಯಾದರೂ ಒಂದು ತೊಟ್ಟು ಇಳಿಯಲಿಲ್ಲ. ಎರಡನೆಯ ದಿನ ಅದುಮುವುದನ್ನೇ ಬಿಟ್ಟರು. ನೀರು ಸುರಿದಷ್ಟೇ ವೇಗವಾಗಿ ಇಳಿದು ಕಂದುನೀರಾಯಿತು. ಮಲಗಿದ್ದಲ್ಲಿಂದಲೇ ಹೆಂಡತಿ, "ಬಿಲ್ಲೆ ಸುಮ್ಮನೆ ಕೂರಬೇಕು, ಒತ್ತಬಾರದು. ಮೊದಲು ಪುಡಿ ನೆನೆಯುವಷ್ಟು ನೀರು ಬಿಡಿ, ಸ್ವಲ್ಪ ತಾಳಿ ಉಳಿದದ್ದು ಹಾಕಿ" ಎಂದು ಪಾಠ ಹೇಳಿದರು. ನಲವತ್ತು ವರ್ಷ ಕುಡಿದ ಪದಾರ್ಥದಲ್ಲಿ ಇಷ್ಟು ವಿದ್ಯೆ ಅಡಗಿದೆಯೆಂದು ಮೇಷ್ಟರು ತಿಳಿದಿರಲಿಲ್ಲ. ನಾಲ್ಕನೆಯ ದಿನದ ಕಾಫಿ ಕುಡಿಯುವಂತಿತ್ತು.

ಹಾಗಾದರೆ ಕಾಫಿ ಇಳಿಸುವ ಸಾಧನಕ್ಕೆ ಎಷ್ಟು ಕೊಡಬಹುದು? ಹಾಲು ಬೆರೆಸಿ ಕುಡಿಯುವ ಸಾಮಾನ್ಯ ಸಂಸಾರಕ್ಕೆ ಒಂದು ತಿಂಗಳ ಪುಡಿ, ಹಾಲುಗಳ ವೆಚ್ಚವನ್ನು ಮೀರದ ಬೆಲೆ ಸಾಕು. ಹಾಲಿಲ್ಲದ ಕಾಫಿ ಕುಡಿಯುವವರಿಗೆ, ಹೊತ್ತಿಗೆ ಹತ್ತು ಮಂದಿ ಕುಡಿಯುವ ಮನೆಗಳಿಗೆ, ಬಿಸಿಯ ಪಾತ್ರೆಯನ್ನು ಎತ್ತಲು ಕೈಯಲ್ಲಿ ಬಲವಿಲ್ಲದೆ ಒಂಟಿಯಾಗಿರುವವರಿಗೆ ಯಂತ್ರ ದುಂದುವೆಚ್ಚವಲ್ಲ. ಅವರು ನೀರಿನ ಶಾಖವನ್ನೂ, ಕೆಟ್ಟಾಗ ದುರಸ್ತಿ ಮಾಡುವವರು ಸಮೀಪದಲ್ಲಿರುವರೇ ಎಂಬುದನ್ನೂ ವಿಚಾರಿಸಿ ಕೊಳ್ಳಲಿ. ಎಲ್ಲಕ್ಕೂ ಮೊದಲು, ಅದನ್ನು ದಿನಕ್ಕೆರಡು ಸಲ ಎತ್ತಿ ಇಳಿಸಿ ತೊಳೆಯುವವರು ಯಾರೋ ಅವರನ್ನು ಕೇಳಲಿ.

ಹಿತ್ತಾಳೆಯ ಫಿಲ್ಟರನ್ನು ಹಳೆಯ ಪಾತ್ರೆಯವನಿಗೆ ಹಾಕಲು ಆಕೆ ಒಪ್ಪಲಿಲ್ಲ. ಹುಣಿಸೆಹಣ್ಣಿನಿಂದ ಬೆಳಗಿ ಅಟ್ಟದ ಮೇಲಿಡುವಂತೆ ಗಂಡನಿಗೆ ಹೇಳಿದರು. ಬೆಳಗಲು ಕುಳಿತ ಮೇಷ್ಟರಿಗೆ ಎರಡು ಪಾತ್ರೆಗಳನ್ನು ಬಿಡಿಸುವುದಕ್ಕೇ ಕಾಲು ಗಂಟೆ ಹಿಡಿಯಿತು.